ಜೀನ್ಸ್ ಷರಾಯಿಗೆ ಗಂಜಿ ಹಾಕತಕ್ಕವರು ಯಾರು?

ಮನೆಯಲ್ಲಿ ಬಟ್ಟೆಗೆ ಗಂಜಿ ಹಾಕುವ ಪದ್ಧತಿಯೇ ನಿಲ್ಲುತ್ತ ಬಂದಿರುವಾಗ ಜೀನ್ಸ್ ಷರಾಯಿಗೆ ಗಂಜಿ ಹಾಕುವ ವಿಷಯವನ್ನೆತ್ತಿಕೊಂಡು ಬರೆಯುವದು ಕೆಲವು ವಾಚಕರಿಗೆ ವಿನೋದವಾಗಿ ತೋರಬಹುದು. ಹಿರಿಯರಾದ ತಾಯಂದಿರಲ್ಲಿ ಅನೇಕರಿಗೆ ಆ ಉಡುಪಿನ ಹೆಸರೇ ಸೇರದು. ಕಿರಿಯರಿಗಾದರೋ ಗಂಜಿಯೆಂಬದು ಜ್ವರ ಬಂದಾಗ ಕುಡಿಯುವ ಪದಾರ್ಥವೆಂದಷ್ಟೇ ಗೊತ್ತು. ಆದಾಗ್ಯೂ ಹಳೆಯ ವಿದ್ಯಾರ್ಥಿನಿಯರು ಒಬ್ಬರನ್ನೊಬ್ಬರು ಕಂಡಾಗ ಈ ಮಾತು ಈಚೆಗೆ ಮೇಲಿಂದ ಮೇಲೆ ಬರುತ್ತಿರುವದು. ಮಕ್ಕಳು ಬೆಳೆದು ಕಾಲೇಜು ಸೇರಿದ್ದಾರೆ, ಇಲ್ಲವೆ ದೂರದ ಊರಿನಲ್ಲಿ ಕೆಲಸಕ್ಕೆ ನಿಂತಿದ್ದಾರೆ. ರಜೆಗೆ ಮನೆಗೆ ಬರುವಾಗ ನಾಲ್ಕೈದು ಜೀನ್ಸುಗಳ ಗಂಟನ್ನು ತರುವರು. "ಅಮ್ಮಾ, ಇದಕ್ಕೆ ಕೊಂಚ ಗಂಜಿ ಹಾಕಿ, ಗೆರೆ ನಿಲ್ಲುವ ಹಾಗೆ ಇಸ್ತ್ರಿ ಮಾಡಿಕೊಡು" ಎನ್ನುವರು. ಅಮ್ಮನು ಮಾಡಿಕೊಡುವಳು. ಇದರಲ್ಲಿ ಚರ್ಚಿಸತಕ್ಕದ್ದೇನಿದೆ ಎಂದು ಕೇಳುವವರಿಗೆ, ಬಹಳವಿದೆಯೆಂದು ನಾವು ಉತ್ತರ ಕೊಡುವೆವು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವದು ಒಳ್ಳೆಯದು. ದಪ್ಪವಾದ ಅಪ್ಪಟ ಹತ್ತಿಯ ಜೀನ್ಸಿಗೆ ಮನೆಯಲ್ಲಿಯೇ ಗಂಜಿ ಹಾಕುವದರಲ್ಲಿ ಯಾವ ದೋಷವೂ ಇಲ್ಲ. ಅದು ಕಲಿಯತಕ್ಕ ಕೆಲಸ. ಆದರೆ ಅದನ್ನು ತೊಡುವವನೇ ಅಥವಾ ತೊಡುವವಳೇ ಆ ಕೆಲಸವನ್ನು ಮಾಡಬೇಕು. ಇಪ್ಪತ್ತು ವರ್ಷದ ಮಗನ ಷರಾಯಿಯ ಗೆರೆಗಾಗಿ ಐವತ್ತು ವರ್ಷದ ತಾಯಿಯು ಬಿಸಿ ಇಸ್ತ್ರಿಯ ಮುಂದೆ ನಿಲ್ಲಬೇಕಾದರೆ, ಆ ಗೆರೆಯೇ ಇಲ್ಲದಿರುವದು ಲೇಸು.

ಜೀನ್ಸ್ ಎಂಬದು ಸೊಗಸಿಗಾಗಿ ಹುಟ್ಟಿದ ಉಡುಪಲ್ಲ. ಅಮೇರಿಕದ ನೆವಾಡ ಸೀಮೆಯ ರೀನೋ ಊರಿನ ಜೇಕಬ್ ಡೇವಿಸ್ ಎಂಬ ದರ್ಜಿಯು ಕೂಲಿಕಾರರ ಷರಾಯಿಯ ಜೇಬುಗಳು ಹರಿಯದಂತೆ ಅವುಗಳ ಮೂಲೆಗೆ ತಾಮ್ರದ ಮೊಳೆಗಳನ್ನು ಬಡಿದನು. ಬಟ್ಟೆಯ ವರ್ತಕನಾದ ಸಾನ್ ಫ್ರಾನ್ಸಿಸ್ಕೋದ ಲೀವೈ ಸ್ಟ್ರಾಸನೊಡನೆ ಸೇರಿ 1873ನೆಯ ಮೇ 20ರಂದು ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಗಣಿಯಲ್ಲಿ ಅಗೆಯುವವರೂ ದನ ಕಾಯುವವರೂ ತೊಟ್ಟ ಬಟ್ಟೆಯದು. ಅದರ ನೆಂಟಸ್ತಿಕೆ ನಮ್ಮ ದೇಶದವರೆಗೂ ಬಂದಿದೆ: ಕೆಲಸಗಾರರ ಒರಟು ಉಡುಪಿಗೆ ಇಂಗ್ಲಿಷರು ಹೇಳುವ ಡಂಗರಿ ಎಂಬ ಮಾತು ಮುಂಬಯಿಯ ಡೋಂಗ್ರಿ ಎಂಬ ಪೇಟೆಯ ಹೆಸರಿನಿಂದ ಹುಟ್ಟಿದ್ದು. ಇಂದು ನಮ್ಮ ಬಳ್ಳಾರಿಯಲ್ಲಿ ನೂರಾರು ಮನೆಗಳೂ ಸಣ್ಣ ಕಾರ್ಖಾನೆಗಳೂ ಜೀನ್ಸ್ ಹೊಲಿಯುವ ಕೆಲಸದಿಂದ ಬದುಕುತ್ತಿವೆ. ಆದ್ದರಿಂದ ಇದನ್ನು ಪರದೇಶದ ಉಡುಪೆಂದು ಮೂಗು ಮುರಿಯುವದಕ್ಕೆ ಈಗ ಅವಕಾಶವಿಲ್ಲ.

ಆ ಬಟ್ಟೆಯ ನೆಯ್ಗೆಯನ್ನು ಸ್ವಲ್ಪ ನೋಡೋಣ. ಡೆನಿಮ್ ಎಂಬದು ಓರೆಗೆರೆಯ ನೆಯ್ಗೆ. ಅದರ ಹಾಸು ನೂಲು ನೀಲಿ, ಹೊಕ್ಕು ನೂಲು ಬಿಳಿ. ಆದಕಾರಣ ಮುಖವು ನೀಲಿಯಾಗಿಯೂ ಬೆನ್ನು ಬೆಳ್ಳಗಾಗಿಯೂ ಕಾಣುವದು. ಆ ನೀಲಿಯು ನೂಲಿನ ಒಡಲನ್ನು ಹೊಗದೆ ಮೈಮೇಲೆ ಮಾತ್ರ ಕೂತಿರುವದರಿಂದ, ಎಲ್ಲಿ ಉಜ್ಜಿದರೂ ಅಲ್ಲಿ ಬಿಳಿ ಹೊರಬರುವದು. ಮೊಣಕಾಲು ಮಾಸುವದು ಹಾಗೆಯೇ. ಇನ್ನು, ನಮ್ಮ ನೇಕಾರರು ಮಗ್ಗಕ್ಕೇರಿಸುವ ಮೊದಲು ಹಾಸು ನೂಲಿಗೆ ಗಂಜಿ ಹಚ್ಚಿ ಕುಂಚದಿಂದ ತೀಡುವದನ್ನು ಕಂಡವರು ಇದ್ದೀರಿ. ಡೆನಿಮ್ ನೆಯ್ಯುವ ಗಿರಣಿಯಲ್ಲಿಯೂ ನೂಲು ಹರಿಯದಂತೆ ಅದೇ ಉಪಾಯವನ್ನು ಮಾಡುವರು. ಒಮ್ಮೆಯೂ ಒಗೆಯದ ಹೊಸ ಜೀನ್ಸು ಹಲಗೆಯಂತೆ ಬಿರುಸಾಗಿರುವದು ಈ ಗಂಜಿಯಿಂದಲೇ. ಅಂಗಡಿಗೆ ಬರುವ ಮೊದಲು ಬಹಳ ಜೀನ್ಸುಗಳಿಂದ ಅದನ್ನು ತೊಳೆದು ತೆಗೆದು, ಬಟ್ಟೆಯನ್ನು ಮೆತ್ತಗೆ ಮಾಡಿಬಿಡುವರು. ಹೀಗಿರಲು ಗಂಜಿಯು ಜೀನ್ಸಿಗೆ ಅಪರಿಚಿತ ವಸ್ತುವಲ್ಲ. ಮನೆಯಲ್ಲಿ ನಾವು ಮಾಡುವದು ತೆಗೆದದ್ದನ್ನು ತಿರುಗಿ ಕೊಡುವದಷ್ಟೆ.

ಈ ರೂಢಿಯು ಬಲವಾಗಿ ಬೇರೂರಿರುವದು ಅಮೇರಿಕದ ಟೆಕ್ಸಸ್ ಸೀಮೆಯಲ್ಲಿ. ಬ್ಲೂ ಬೆಲ್ ಎಂಬ ಕಂಪನಿಯು ರಾಂಗ್ಲರ್ ಎಂಬ ಹೆಸರಿನಿಂದ ಕುದುರೆ ಸವಾರರಿಗೆಂದೇ 1947ರಲ್ಲಿ ಒಂದು ಷರಾಯಿಯನ್ನು ಹೊರತಂದಿತು. ಅದರ ಕತ್ತರಿಕೆಯನ್ನು ಯೋಜಿಸಿದವನು ರೋಡಿಯೋ ಬೆನ್ ಎಂದು ಪ್ರಸಿದ್ಧನಾದ ದರ್ಜಿ. ಆ ಸೀಮೆಯ ಸವಾರರೂ ರೈತರೂ ಭಾನುವಾರದ ಆರಾಧನೆಗೂ, ಮದುವೆಗೂ, ರೋಡಿಯೋ ಎಂಬ ಸವಾರಿಯ ಪಂದ್ಯಕ್ಕೂ ಹೋಗುವಾಗ ಜೀನ್ಸಿಗೆ ದಟ್ಟವಾದ ಗಂಜಿ ಹಾಕಿಸಿ, ಮುಂಭಾಗದಲ್ಲಿ ಕತ್ತಿಯ ಬಾಯಿಯಂಥ ಗೆರೆಯನ್ನು ನಿಲ್ಲಿಸುವರು. ಅಲ್ಲಿಯ ಒಗೆಯುವ ಅಂಗಡಿಗಳಲ್ಲಿ "ಗಂಜಿ ತೆಳ್ಳಗೋ, ನಡುತರವೋ, ದಟ್ಟವೋ" ಎಂದು ಕೇಳಿ ಬರೆದುಕೊಳ್ಳುವದುಂಟು. ದಟ್ಟವಾಗಿ ಹಾಕಿದ ಷರಾಯಿಯು ಮನುಷ್ಯನಿಲ್ಲದೆ ತಾನೇ ನಿಂತುಕೊಳ್ಳುವದೆಂದು ಅವರು ಹೆಮ್ಮೆಪಡುವರು. ವಾರವೆಲ್ಲ ಧೂಳಿನಲ್ಲಿ ದುಡಿದವನು ಅದೇ ಜಾತಿಯ ಬಟ್ಟೆಯನ್ನು ಮಡಿಮಾಡಿ ತೊಟ್ಟು ನಾಲ್ಕು ಮಂದಿಯ ನಡುವೆ ನಿಲ್ಲುವದರಲ್ಲಿ ಒಂದು ಮರ್ಯಾದೆಯಿದೆ. ನಮ್ಮ ಊರುಗಳಲ್ಲಿ ಇದ್ದ ಒಂದೇ ಪಂಚೆಗೆ ಗಂಜಿ ಹಾಕಿ ಜಾತ್ರೆಗೆ ಹೊರಟ ರೈತನಲ್ಲಿ ಇದ್ದದ್ದೂ ಅದೇ ಮರ್ಯಾದೆ. ಅದನ್ನು ಹುರುಡಾಟವೆಂದು ಹೀಗಳೆಯಲು ನಮಗೆ ಮನಸ್ಸಿಲ್ಲ.

ಇಷ್ಟು ಹೇಳಿದ ಮೇಲೆ ಕ್ರಮವನ್ನು ಹೇಳದಿರುವದು ನ್ಯಾಯವಲ್ಲ. ಮೊದಲು ಷರಾಯಿಯ ಒಳಗೆ ಹೊಲಿದಿರುವ ಚೀಟಿಯನ್ನು ಓದತಕ್ಕದ್ದು. ನೂರಕ್ಕೆ ನೂರು ಹತ್ತಿಯೆಂದಿದ್ದರೆ ಮುಂದುವರಿಯಬಹುದು. ಎಳೆದರೆ ಹಿಗ್ಗುವ ಜೀನ್ಸುಗಳಲ್ಲಿ ಇಲಾಸ್ಟೇನ್ ಎಂಬ ರಬ್ಬರಿನಂಥ ನೂಲನ್ನು ಸೇರಿಸಿರುವರು. ಅಂಥದಕ್ಕೆ ಗಂಜಿಯು ನಿಲ್ಲದು, ಗೆರೆಗೆ ಬೇಕಾದ ಕಾವನ್ನು ಕೊಟ್ಟರೆ ಆ ನೂಲೇ ಕೆಡುವದು. ಹೆಣ್ಣುಮಕ್ಕಳಿಗೆಂದು ಮಾರುವ ಜೀನ್ಸುಗಳಲ್ಲಿ ಬಹುಪಾಲು ಈ ತರದವು. ಅವನ್ನು ಒಗೆದು ಒಣಗಿಸಿ ಸುಮ್ಮನಿರುವದೇ ಸರಿ.

ಗಂಜಿಯೆಂದರೆ ನಮ್ಮ ಅಜ್ಜಿಯರು ಅನ್ನ ಬಸಿದ ತಿಳಿಯನ್ನೇ ಎತ್ತಿಡುತ್ತಿದ್ದರು. ಅದಕ್ಕೆ ಖರ್ಚೂ ಇಲ್ಲ, ಬೇರೆ ಉರಿಯೂ ಬೇಡ. ಕುಕ್ಕರು ಬಂದ ಮೇಲೆ ಅನ್ನ ಬಸಿಯುವದೇ ನಿಂತಿತು. ಅದರೊಡನೆ ಗಂಜಿಯೂ ಮನೆಯಿಂದ ಹೊರಟುಹೋಯಿತು. ಪಟ್ಟಣದ ಮನೆಗಳಲ್ಲಿ ಈ ಪದ್ಧತಿಯು ತಪ್ಪಿಹೋಗಲು ನಾಗರಿಕತೆಗಿಂತಲೂ ಕುಕ್ಕರೇ ಹೆಚ್ಚು ಕಾರಣವೆಂದು ನಾವು ಎಣಿಸುತ್ತೇವೆ. ಕರಾವಳಿಯಲ್ಲಿ ಇನ್ನೂ ಕುಚ್ಚಲಕ್ಕಿಯನ್ನು ಬಸಿಯುವವರು ಇರುವರು. ಅದರ ತಿಳಿಯಲ್ಲಿ ಕೆಂಬಣ್ಣವಿರುವದರಿಂದ ಬಿಳಿಯ ಬಟ್ಟೆಗೆ ಅದು ಸಲ್ಲದು. ಬೆಳ್ತಿಗೆ ಅಕ್ಕಿಯದೇ ಬೇಕು. ಗಾಢ ನೀಲಿಯ ಜೀನ್ಸಿಗಾದರೆ ಎರಡೂ ಸರಿಯೇ. ತಿಳಿ ಸಿಕ್ಕದವರು ಮೆಕ್ಕೆಜೋಳದ ಹಿಟ್ಟನ್ನು, ಅಂದರೆ ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ದೊರೆಯುವ ನುಣುಪಾದ ಬಿಳಿಯ ಪುಡಿಯನ್ನು, ಉಪಯೋಗಿಸಬಹುದು. ಸಾಬಕ್ಕಿಯ ಗಂಜಿಯೂ ಒಳ್ಳೆಯದು.

ಒಂದು ಲೀಟರು ನೀರಿಗೆ ಎರಡು ಊಟದ ಚಮಚ ಹಿಟ್ಟು ಸಾಕು. ಟೆಕ್ಸಸಿನವರಂತೆ ನಿಲ್ಲಿಸಬೇಕೆಂಬ ಆಸೆಯಿದ್ದರೆ ನಾಲ್ಕು ಹಾಕಬಹುದು. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿಯೇ ಕದಡಬೇಕು. ಬಿಸಿನೀರಿಗೆ ನೇರವಾಗಿ ಸುರಿದರೆ ಹೊರಗಿನ ಕಣಗಳು ಒಡನೆ ಅಂಟಾಗಿ ಒಳಗಿನ ಪುಡಿಯನ್ನು ಮುಚ್ಚಿಕೊಂಡು ಗಂಟುಕಟ್ಟುವವು. ಹಿಟ್ಟಿನ ಕಣವು ತಣ್ಣೀರಿನಲ್ಲಿ ಕರಗುವ ವಸ್ತುವಲ್ಲ; ಕಾವು 60 ಡಿಗ್ರಿ ಸೆಲ್ಸಿಯಸನ್ನು ದಾಟಿದ ಮೇಲೆಯೇ ಅದು ನೀರನ್ನು ಕುಡಿದು ಉಬ್ಬಿ, ಒಡೆದು, ಅಂಟನ್ನು ಬಿಡುವದು. ಹಾಲಿನಂತಿದ್ದದ್ದು ಗಾಜಿನಂತೆ ಅರೆಪಾರದರ್ಶಕವಾದಾಗ ಗಂಜಿಯು ಬೆಂದಿತೆಂದು ತಿಳಿಯಬೇಕು. ಬೇಯದ ಗಂಜಿಯನ್ನು ಹಾಕಿದವರ ಬಟ್ಟೆಯು ಇಸ್ತ್ರಿಗೆ ಅಂಟಿಕೊಂಡು ಬಿಳಿಯ ಹೊಟ್ಟನ್ನು ಉದುರಿಸುವದು. ಬೆಂದದ್ದನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ, ಕೈ ತಾಳುವಷ್ಟು ಆರಿಸಬೇಕು. ಈ ಸೋಸುವ ಕೆಲಸವನ್ನು ಬಿಡಲೇಬಾರದು. ಬಿಳಿಯ ಪಂಚೆಯಲ್ಲಿ ಕಾಣದ ಗಂಟು ನೀಲಿಯ ಷರಾಯಿಯಲ್ಲಿ ಸುಣ್ಣದ ಚುಕ್ಕೆಯಂತೆ ಕಾಣುವದು.

ಒಗೆದು ಹಿಂಡಿದ, ಇನ್ನೂ ಒದ್ದೆಯಾಗಿರುವ ಷರಾಯಿಯನ್ನು ಒಳಗು ಹೊರಗು ಮಾಡಿ ಗಂಜಿಯಲ್ಲಿ ಅದ್ದಿ, ಹೊಲಿಗೆಯ ದಪ್ಪವಿರುವಲ್ಲಿ ಚೆನ್ನಾಗಿ ಕಿವುಚಬೇಕು. ಅನಂತರ ತಿರುಚದೆ ಒತ್ತಿ ಹಿಂಡಬೇಕು. ತಿರುಚಿದಲ್ಲಿ ಗಂಜಿಯು ಗೆರೆಗೆರೆಯಾಗಿ ನಿಲ್ಲುವದು. ನೆರಳಿನಲ್ಲಿ, ಗಾಳಿಯಾಡುವಲ್ಲಿ, ಸೊಂಟದಿಂದ ತೂಗುಹಾಕಿ ಒಣಗಿಸತಕ್ಕದ್ದು. ಬಿಸಿಲಿಗೆ ನೀಲಿಯು ಬೇಗ ಮಾಸುವದು. ಪೂರ್ಣವಾಗಿ ಒಣಗುವ ಮೊದಲೇ ತೆಗೆದು, ಒಣಗಿಯೇ ಹೋಗಿದ್ದರೆ ನೀರು ಚಿಮುಕಿಸಿ, ಸುರುಳಿ ಸುತ್ತಿ ಒಂದು ತಾಸು ಇಟ್ಟರೆ ತೇವವು ಎಲ್ಲ ಕಡೆಗೂ ಸಮನಾಗಿ ಹರಡುವದು. ನಮ್ಮ ಹಿರಿಯ ಉಪಾಧ್ಯಾಯಿನಿಯರು ಸೀರೆಗೆ ಹೇಳಿಕೊಟ್ಟ ಪಾಠವೇ ಇದು. ಸೀರೆಗೆ ಸತ್ಯವಾದದ್ದು ಷರಾಯಿಗೆ ಸುಳ್ಳಾಗದು.

ಇಸ್ತ್ರಿಯಲ್ಲಿ ಜೇಬಿನ ಒಳಬಟ್ಟೆ ಮೊದಲು, ಆಮೇಲೆ ಸೊಂಟಪಟ್ಟಿ, ಕಡೆಗೆ ಕಾಲುಗಳು. ಗೆರೆ ಬೇಕೆನ್ನುವವರು ಕಾಲಿನ ಒಳಹೊಲಿಗೆಯನ್ನೂ ಹೊರಹೊಲಿಗೆಯನ್ನೂ ಒಂದರ ಮೇಲೊಂದು ಸರಿಯಾಗಿ ಕೂಡಿಸಬೇಕು. ಆಗ ಗೆರೆಯು ತಾನಾಗಿ ನಡುವೆ ಬರುವದು. ಕಣ್ಣಳತೆಯಿಂದ ಹಾಕಿದ್ದು ಮೊಣಕಾಲಿನ ಬಳಿ ಸೊಟ್ಟಗಾಗದೆ ಇರದು. ಮುಖದ ಮೇಲೆ ತೆಳುವಾದ ಬಟ್ಟೆಯನ್ನು ಹಾಸಿ ಒತ್ತಿದರೆ ನೀಲಿಯ ಮೇಲೆ ಹೊಳಪಿನ ಕಲೆ ಬೀಳದು. ಇಸ್ತ್ರಿಯನ್ನು ಒಂದೇ ಕಡೆಯಲ್ಲಿ ನಿಲ್ಲಿಸಿದರೆ ಗಂಜಿಯು ಸೀದು ಕಂದಾಗುವದು, ಆ ಕಂದು ಹೋಗದು. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಒಮ್ಮೆ ಹಾಕಿದ ಗೆರೆಯಲ್ಲಿಯೇ ಮತ್ತೆ ಮತ್ತೆ ಮಡಿಸಿದರೆ ಆ ಏಣಿನ ನೀಲಿಯು ಸವೆದು ಬಿಳಿಯ ದಾರದಂತೆ ಕಾಣಿಸಿಕೊಳ್ಳುವದು. ಟೆಕ್ಸಸಿನಲ್ಲಿ ಅದನ್ನೇ ಅಂದವೆಂದು ಎಣಿಸುವರು. ಬೇಡವೆನ್ನುವವರು ಗೆರೆ ಹಾಕುವ ಮೊದಲೇ ಯೋಚಿಸತಕ್ಕದ್ದು.

ಹಳೆಯ ಗಂಜಿಯ ಮೇಲೆ ಹೊಸ ಗಂಜಿಯನ್ನು ಎಂದಿಗೂ ಹಾಕಬಾರದು. ಮೊದಲಿನದು ಹೋಯಿತೋ ಇಲ್ಲವೋ ಎಂದು ನೋಡಲು ವಿಜ್ಞಾನದ ಪಾಠದಲ್ಲಿ ಕಲಿತ ಅಯೋಡಿನ್ ಪರೀಕ್ಷೆಯು ನೆನಪಿರಬಹುದು; ಗಂಜಿಯಿದ್ದಲ್ಲಿ ಅದರ ತೊಟ್ಟು ಕರಿನೀಲಿಯಾಗುವದು. ನೀಲಿಯ ಬಟ್ಟೆಯ ಮೇಲೆ ನೀಲಿಯನ್ನು ಹುಡುಕುವದು ಹೇಗೆಂದು ನಗಬೇಡಿರಿ. ಜೇಬಿನೊಳಗಿನ ಬಿಳಿಯ ಬಟ್ಟೆಯ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಬಹುದು. ಗಂಜಿ ಹಾಕಿದ ಷರಾಯಿಯನ್ನು ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮಡಿಸಿಡಲೂ ಬಾರದು. ಗಂಜಿಯು ಜಿರಲೆಗಳಿಗೂ, ಪುಸ್ತಕಗಳನ್ನು ತಿನ್ನುವ ಬೆಳ್ಳಿಬಣ್ಣದ ಸಣ್ಣ ಹುಳಗಳಿಗೂ ಊಟವಾಗಿರುವದು. ಮಡಿಕೆಯಲ್ಲಿ ಬಿರುಸಾದ ನೂಲು ಕಾಲಕ್ರಮದಲ್ಲಿ ಮುರಿಯುವದು. ಕರಾವಳಿಯ ಮತ್ತು ಮಲೆನಾಡಿನ ನಮ್ಮ ಸೋದರಿಯರು ಜೂನಿನಿಂದ ಮಳೆಗಾಲ ಮುಗಿಯುವ ತನಕ ಈ ಗೊಡವೆಗೆ ಹೋಗದಿರುವದು ಜಾಣತನ. ಆ ತಿಂಗಳುಗಳಲ್ಲಿ ಗಂಜಿ ಹಾಕಿದ ಬಟ್ಟೆಯು ಬಿರುಸಾಗುವ ಬದಲು ಬೂಸಲು ಹಿಡಿಯುವದು.

ಇಷ್ಟೊಂದು ಕೆಲಸವಿರುವದೆಂದು ಓದುವಾಗಲೇ ಆಯಾಸವಾಗಿದ್ದರೆ ನಮ್ಮ ಉದ್ದೇಶವು ಅರ್ಧ ಸಫಲವಾಯಿತು. ಮಗನು ಒಂದು ಮಾತಿನಲ್ಲಿ ಕೇಳಿದ್ದು ಇದನ್ನೆಲ್ಲ. ಒಣಗಿರುವಾಗ ಮುಕ್ಕಾಲು ಕಿಲೋ ತೂಗುವ ದಪ್ಪ ಷರಾಯಿಯು ನೆನೆದಾಗ ಅದರ ಎರಡರಷ್ಟಕ್ಕೂ ಮಿಕ್ಕಿ ಭಾರವಾಗುವದು. ಅಂಥವು ನಾಲ್ಕನ್ನು ಅದ್ದಿ, ಎತ್ತಿ, ಒತ್ತಿ ಹಿಂಡಿ, ಒಣಗಿಸಿ, ಚಿಮುಕಿಸಿ, ಸುತ್ತಿ, ಇಸ್ತ್ರಿ ಮಾಡುವದೆಂದರೆ ಒಂದು ರಜೆಯ ದಿನದ ಹೆಚ್ಚು ಭಾಗವು ಅದರಲ್ಲಿಯೇ ಕಳೆಯುವದು. ನಾವು ಬಲ್ಲ ಒಂದು ಮನೆಯಲ್ಲಿ ತಾಯಿಗೆ ಮಣಿಕಟ್ಟಿನ ನೋವು. ವೈದ್ಯರು ಭಾರವಾದದ್ದನ್ನು ಹಿಂಡಬಾರದೆಂದು ಹೇಳಿದ್ದಾರೆ. ಮಗನು ಕೆಟ್ಟವನಲ್ಲ, ತಾಯಿಯ ಮೇಲೆ ಪ್ರಾಣವಿಟ್ಟುಕೊಂಡವನು. ಔಷಧವನ್ನು ತಪ್ಪದೆ ತಂದುಕೊಡುವನು. ಆದರೆ ಆ ನೋವಿಗೂ ತನ್ನ ಷರಾಯಿಯ ಗೆರೆಗೂ ಸಂಬಂಧವಿದೆಯೆಂಬದು ಅವನ ಬುದ್ಧಿಗೆ ಹೊಳೆದೇ ಇಲ್ಲ. ಹೊಳೆಯುವಂತೆ ಅವನಿಗೆ ಯಾರೂ ಹೇಳಿಲ್ಲ. ತಾಯಿಯಂತೂ ಹೇಳಳು.

ಗಂಜಿಯ ಚರಿತ್ರೆಯೆಲ್ಲ ಈ ತರದ್ದೇ. ಬಿರುಸು ಒಬ್ಬರ ಕೊರಳಿಗೆ, ಬೆವರು ಇನ್ನೊಬ್ಬರ ಹಣೆಗೆ. 1564ರಲ್ಲಿ ಫ್ಲಾಂಡರ್ಸಿನಿಂದ ಲಂಡನಿಗೆ ಬಂದ ಡಿಂಗೆನ್ ಎಂಬ ಗೃಹಿಣಿಯು ಗಂಜಿ ಹಾಕುವ ವಿದ್ಯೆಯನ್ನು ಹಣ ತೆಗೆದುಕೊಂಡು ಕಲಿಸಿದಳೆಂದು ಆ ಕಾಲದ ಚರಿತ್ರಕಾರರು ಬರೆದಿರುವರು. ದೊಡ್ಡ ಮನೆತನದವರು ಚಕ್ರದಂಥ ನೆರಿಗೆಯ ಕೊರಳುಪಟ್ಟಿಗಳನ್ನು ಧರಿಸುತ್ತಿದ್ದ ಕಾಲವದು. 1583ರಲ್ಲಿ ಫಿಲಿಪ್ ಸ್ಟಬ್ಸ್ ಎಂಬ ಗ್ರಂಥಕಾರನು ಗಂಜಿಯನ್ನು ಸೈತಾನನ ಕೆಲಸವೆಂದು ಬೈದು ಬರೆದನು. ಅವನ ಕೋಪವೆಲ್ಲ ಕೊರಳುಪಟ್ಟಿಯನ್ನು ತೊಟ್ಟವರ ಡಂಭದ ಮೇಲೆ. ಅದನ್ನು ಬೆಳಗಿನಿಂದ ಬೇಯಿಸಿ ತೀಡಿದ ಹೆಂಗಸರ ಸುಟ್ಟ ಬೆರಳುಗಳು ಅವನ ಕೋಪಕ್ಕೆ ಕಾರಣವಾಗಲಿಲ್ಲ.

ಆ ಬೆರಳುಗಳು ಮಾತಾಡಿದ್ದು ಮೂರು ಶತಮಾನದ ಹತ್ತಿರ ಕಳೆದ ಮೇಲೆ. ಅಮೇರಿಕದ ಟ್ರಾಯ್ ಎಂಬ ಊರಿನಲ್ಲಿ ಹನ್ನಾ ಮಾಂಟೆಗ್ಯೂ ಎಂಬವಳು 1827ರ ಸುಮಾರಿಗೆ ಗಂಡನ ಅಂಗಿಯ ಕಾಲರು ಮಾತ್ರ ಕೊಳೆಯಾಗಿರುವಾಗ ಇಡೀ ಅಂಗಿಯನ್ನು ಒಗೆಯುವದೇಕೆಂದು ಕಾಲರನ್ನೇ ಕತ್ತರಿಸಿ ಬೇರೆಮಾಡಿದಳಂತೆ. ಒಬ್ಬ ಗೃಹಿಣಿಯು ತನ್ನ ಶ್ರಮವನ್ನು ಕಡಿಮೆ ಮಾಡಿಕೊಳ್ಳಲು ಹುಡುಕಿದ ಉಪಾಯವು ದೊಡ್ಡ ವ್ಯಾಪಾರವಾಯಿತು. ಆ ಊರು ಕಾಲರುಗಳ ಊರೆಂದೇ ಪ್ರಸಿದ್ಧವಾಯಿತು. ಆದರೆ ಒಂದು ಮನೆಯಲ್ಲಿ ಇಳಿದ ಭಾರವು ನೂರಾರು ಹುಡುಗಿಯರ ಮೇಲೆ ಹೋಗಿ ಕೂತಿತು. ಒಗೆಯುವವರು, ಗಂಜಿ ಹಾಕುವವರು, ಇಸ್ತ್ರಿ ಮಾಡುವವರು ದಿನಕ್ಕೆ 12ರಿಂದ 14 ತಾಸು ಬೇಗೆಯಲ್ಲಿ ನಿಂತರು. ಗಂಜಿಯ ಹೊಸ ಯಂತ್ರಗಳು ಬಂದು ಕೈಗಳು ಬೇಯತೊಡಗಿದವು, ಕೂಲಿಯು ಮಾತ್ರ ಏರಲಿಲ್ಲ. ಆಗ 1864ನೆಯ ಫೆಬ್ರವರಿಯಲ್ಲಿ, ಐರ್ಲೆಂಡಿನಿಂದ ಬಂದು ನೆಲೆಸಿದ್ದ, ಇನ್ನೂ ಇಪ್ಪತ್ತು ತುಂಬದ ಕೇಟ್ ಮುಲ್ಲೇನಿ ಎಂಬ ಹುಡುಗಿಯು ಸುಮಾರು 300 ಮಂದಿ ಕೆಲಸದ ಹೆಂಗಸರನ್ನು ಕೂಡಿಸಿ ಸಂಘವನ್ನು ಕಟ್ಟಿ ಕೆಲಸವನ್ನು ನಿಲ್ಲಿಸಿಬಿಟ್ಟಳು. ಒಂದು ವಾರದೊಳಗೆ ಮಾಲಿಕರು ಕೂಲಿಯನ್ನು ಏರಿಸಿದರು. 1868ರಲ್ಲಿ ಆ ದೇಶದ ಕಾರ್ಮಿಕರ ಮಹಾಸಂಘವು ಅವಳನ್ನು ತನ್ನ ಸಹಾಯಕ ಕಾರ್ಯದರ್ಶಿಯಾಗಿ ನೇಮಿಸಿತು. ಗಂಜಿಯ ಪಾತ್ರೆಯ ಬಳಿಯಿಂದ ಎದ್ದು ಬಂದ ಈ ಹೆಣ್ಣಿನ ಹೆಸರು ನಮ್ಮ ಶಾಲೆಯ ಹುಡುಗಿಯರಿಗೆ ತಿಳಿದಿರಬೇಕೆಂದು ನಮಗೆ ಆಸೆ.

ನಮ್ಮ ನಾಡಿನಲ್ಲಿ ಇಂಥ ಸಂಗತಿಗೆ ಅಷ್ಟು ದೂರ ಹೋಗಬೇಕಾದದ್ದೂ ಇಲ್ಲ. ಮಂಗಳೂರಿನ ಬಾಸೆಲ್ ಮಿಶನ್ನಿನ ನೆಯ್ಗೆಯ ಕಾರ್ಖಾನೆಯ ಖಾಕಿ ಬಟ್ಟೆಯು ಪ್ರಸಿದ್ಧವಾಗಿತ್ತು. ಸಮವಸ್ತ್ರಕ್ಕೆ ಬಳಸುವ ಆ ಖಾಕಿ ಡ್ರಿಲ್ಲು ಕೂಡ ಡೆನಿಮಿನಂತೆ ಓರೆಗೆರೆಯ ನೆಯ್ಗೆಯೇ. ಹಿಂದಿನ ಕಾಲದ ಪೋಲೀಸಿನವರ ಅಗಲವಾದ ಖಾಕಿ ಚಡ್ಡಿಯು ತಗಡಿನಂತೆ ನಿಂತಿರುತ್ತಿದ್ದದ್ದನ್ನು ಹಿರಿಯ ವಾಚಕರು ನೋಡಿರುವರು. ಅದರ ಬಿರುಸನ್ನು ಕಂಡು ಹೆದರಿದವರು ಬಹಳ. ಅದನ್ನು ಬೆಳಗಿನ ಜಾವದಲ್ಲಿ ಇದ್ದಿಲಿನ ಇಸ್ತ್ರಿಯಿಂದ ತೀಡಿಕೊಟ್ಟ ಹೆಂಡತಿಯನ್ನೋ ಮಡಿವಾಳಿತಿಯನ್ನೋ ನೆನೆದವರು ಎಷ್ಟು ಮಂದಿ?

ನಮಗೆ ಬರಬಹುದಾದ ಆಕ್ಷೇಪಗಳು ಎರಡು ಮೂರು ಇವೆ. ಮೊದಲನೆಯದು, ಕೂಲಿ ಕೊಟ್ಟು ಇಸ್ತ್ರಿ ಅಂಗಡಿಯಲ್ಲಿ ಮಾಡಿಸಿದರಾಗದೇ ಎಂಬದು. ಆಗಬಹುದು, ಅದು ಅವರ ಜೀವನದ ವೃತ್ತಿ. ಆದರೆ ಗಂಜಿಯ ಜೀನ್ಸನ್ನು ಸಾಮಾನ್ಯ ಅಂಗಿಯ ದರಕ್ಕೆ ಕೇಳುವದು ಅನ್ಯಾಯ. ಮೂರು ಅಂಗಿಯ ಕೆಲಸವು ಅದೊಂದರಲ್ಲಿದೆ. ಅಷ್ಟು ಕೂಲಿ ಕೊಡುವ ಮನಸ್ಸಿಲ್ಲದವರು ಗೆರೆಯ ಆಸೆಯನ್ನು ಬಿಡಬೇಕು. ಎರಡನೆಯದು, ಡಬ್ಬಿಯಿಂದ ಸಿಂಪಡಿಸುವ ಗಂಜಿಯು ಬಂದಿರುವಾಗ ಇಷ್ಟೆಲ್ಲ ಪಾಡೇಕೆಂಬದು. ಅವಸರಕ್ಕೆ ಅದು ಒದಗುವದು, ನಾವು ಬೇಡವೆನ್ನುವದಿಲ್ಲ. ದಪ್ಪ ಬಟ್ಟೆಯ ಒಡಲಿಗೆ ಅದು ಇಳಿಯದೆ ಮೇಲೆಯೇ ಕೂತು ಒಂದು ದಿನಕ್ಕೆ ಕುಸಿಯುವದು, ಮತ್ತು ಎರಡು ಚಮಚ ಹಿಟ್ಟಿಗಿಂತ ಅದರ ಬೆಲೆಯು ಬಹಳ ಹೆಚ್ಚು. ಮೂರನೆಯದು, ಜೀನ್ಸನ್ನು ಆಗಾಗ ಒಗೆಯುವದೇ ನೀರಿನ ದಂಡವೆಂಬದು. ಈ ಆಕ್ಷೇಪದಲ್ಲಿ ಸತ್ಯವಿದೆ. ಲೀವೈ ಸ್ಟ್ರಾಸ್ ಕಂಪನಿಯ ಮುಖ್ಯಾಧಿಕಾರಿಯೇ ತಾನು ತೊಟ್ಟಿದ್ದ ಜೀನ್ಸನ್ನು ಒಂದು ವರ್ಷದಿಂದ ಒಗೆದಿಲ್ಲವೆಂದು 2014ರಲ್ಲಿ ಸಭೆಯೊಂದರಲ್ಲಿ ಹೇಳಿ ಎಲ್ಲರನ್ನೂ ಬೆರಗುಗೊಳಿಸಿದನು. ನಮ್ಮ ಸೆಕೆಯ ಊರುಗಳಲ್ಲಿ ಅವನನ್ನು ಅನುಸರಿಸುವವರ ಪಕ್ಕದಲ್ಲಿ ಕೂತುಕೊಳ್ಳುವದು ಕಷ್ಟ. ಆದರೆ ಗಂಜಿಯ ಪದರವು ಕೊಳೆಯನ್ನು ನೂಲಿಗೆ ಇಳಿಯಗೊಡದೆ ತನ್ನ ಮೇಲೆ ತಡೆದುಕೊಳ್ಳುವದರಿಂದ, ಹಾಗೆ ಹಾಕಿದ ಷರಾಯಿಯು ಒಗೆಯುವಾಗ ಕಡಿಮೆ ಉಜ್ಜಿಗೆ ಶುಭ್ರವಾಗುವದೆಂಬದೂ ನಿಜ.

ಇವೆಲ್ಲಕ್ಕಿಂತ ದೊಡ್ಡ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಗಂಡುಮಕ್ಕಳಿಂದ ಇಂಥ ಕೆಲಸವನ್ನು ಮಾಡಿಸುವದು ಹೇಗೆ ಎಂಬದೇ ಅದು. ನಮ್ಮಂಥ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ, ಅಡಿಗೆ, ಬಟ್ಟೆಯ ಆರೈಕೆಗಳನ್ನು ಶ್ರದ್ಧೆಯಿಂದ ಕಲಿಸಿದರು. ಅದಕ್ಕಾಗಿ ನಾವು ಕೃತಜ್ಞರು. ಹುಡುಗರಿಗೆ ಇದನ್ನು ಕಲಿಸಿದ ಶಾಲೆಗಳನ್ನು ನಾವು ಕಾಣೆವು. ಅದರ ಫಲವಾಗಿ ವಿದ್ಯೆಯು ಅರ್ಧ ಮನೆಯಲ್ಲಿ ಮಾತ್ರ ಉಳಿಯಿತು. ವಿದ್ಯೆಯು ಯಾರಲ್ಲಿ ಉಳಿಯಿತೋ ಕೆಲಸವೂ ಅವರಲ್ಲಿಯೇ ಉಳಿಯಿತು. ತಂದೆಯ ಪಂಚೆಗೆ ತಾಯಿ, ಅಣ್ಣನ ಅಂಗಿಗೆ ತಂಗಿ, ಗಂಡನ ಕಾಲರಿಗೆ ಹೆಂಡತಿ ಎಂಬ ಸರಪಣಿಯಲ್ಲಿ ಈಗ ಜೀನ್ಸ್ ಎಂಬ ಹೊಸ ಕೊಂಡಿಯು ಸೇರಿರುವದಷ್ಟೆ. ಆದರೆ ಈ ಕೊಂಡಿಯಲ್ಲಿ ಒಂದು ವಿಶೇಷವಿದೆ. ಪಂಚೆಯನ್ನು ಗಂಡಸರು ಉಡುವರು, ಸೀರೆಯನ್ನು ಹೆಂಗಸರು ಉಡುವರು. ಜೀನ್ಸನ್ನು ಮಗನೂ ತೊಡುವನು, ಮಗಳೂ ತೊಡುವಳು. ಇದು ಹೆಂಗಸರ ಬಟ್ಟೆ, ಇದು ಗಂಡಸರ ಬಟ್ಟೆ ಎಂಬ ನೆವವು ಇದರಲ್ಲಿ ಇಲ್ಲ. ಅದಲ್ಲದೆ ಇದು ಒರಟು ಬಟ್ಟೆ. ಕಲಿಯುವವನ ಕೈಯಲ್ಲಿ ಬೇಗ ಹರಿಯದು, ನಯವಾದ ಸೀರೆಯಂತೆ ಒಂದು ತಪ್ಪಿಗೆ ಹಾಳಾಗದು. ಆದ್ದರಿಂದ ಅಣ್ಣತಂಗಿಯರಿಬ್ಬರಿಗೂ ಒಂದೇ ಪಾತ್ರೆಯ ಮುಂದೆ ಒಂದೇ ಪಾಠವನ್ನು ಹೇಳಿಕೊಡಲು ಇದಕ್ಕಿಂತ ತಕ್ಕ ಬಟ್ಟೆಯನ್ನು ನಾವು ಕಾಣೆವು.

ಇದನ್ನು ಶಿಕ್ಷೆಯಂತೆ ಹೊರಿಸಬೇಕೆಂದು ನಾವು ಹೇಳುವದಿಲ್ಲ. ಹತ್ತು ಹನ್ನೆರಡು ವರ್ಷದ ಹುಡುಗನಿಗೆ ಹಿಟ್ಟು ಕದಡಿ ಪಾರದರ್ಶಕವಾಗುವದನ್ನು ನೋಡುವದು ಒಂದು ಆಟ. ಉರಿಯ ಹತ್ತಿರ ದೊಡ್ಡವರು ನಿಂತಿದ್ದರಾಯಿತು. ಬಿಸಿ ಇಸ್ತ್ರಿಯನ್ನು ಇನ್ನೂ ಎರಡು ಮೂರು ವರ್ಷ ತಡೆದು ಕೊಡಬಹುದು. ಇದರಲ್ಲಿ ತಂದೆಗಳ ಮಾತಿಗಿಂತ ಅವರ ಕೈಯೇ ಹೆಚ್ಚು ಕಲಿಸುವದು. ಅಪ್ಪನು ತನ್ನ ಅಂಗಿಯನ್ನು ತಾನೇ ಇಸ್ತ್ರಿ ಮಾಡುವ ಮನೆಯಲ್ಲಿ ಮಗನಿಗೆ ಈ ಲೇಖನವನ್ನು ಓದಿಸಬೇಕಾದ ಅಗತ್ಯವೇ ಬೀಳದು. ಅಪ್ಪನು ಪತ್ರಿಕೆಯನ್ನು ಹಿಡಿದುಕೊಂಡು ಕುರ್ಚಿಯಿಂದ ಅಪ್ಪಣೆ ಕೊಡುವ ಮನೆಯಲ್ಲಿ ಓದಿಸಿಯೂ ಪ್ರಯೋಜನವಾಗದು. ತಾಯಂದಿರಿಗೂ ಒಂದು ಮಾತು ಸಲ್ಲುವದು. ಮಗನು ಹಾಕಿದ ಗೆರೆಯು ಸೊಟ್ಟಗಿದ್ದರೆ ಅವನ ಕೈಯಿಂದ ಇಸ್ತ್ರಿಯನ್ನು ಕಸಿದುಕೊಂಡು "ಬಿಡಪ್ಪ, ನಾನೇ ಮಾಡುತ್ತೇನೆ" ಎನ್ನುವ ಅಭ್ಯಾಸವು ನಮ್ಮಲ್ಲಿ ಬಲವಾಗಿದೆ. ಸೊಟ್ಟ ಗೆರೆಯ ಷರಾಯಿಯನ್ನು ತೊಟ್ಟುಕೊಂಡೇ ಅವನು ಪೇಟೆಗೆ ಹೋಗಲಿ. ಮುಂದಿನ ವಾರ ಹೊಲಿಗೆಗೆ ಹೊಲಿಗೆಯನ್ನು ತಾನೇ ಕೂಡಿಸುವನು.

ಇನ್ನು ಗಂಜಿಯ ಪಾತ್ರೆಯ ವಿಷಯ. ಬೇಯಿಸಿದ ಪಾತ್ರೆಯನ್ನು ಹಾಗೆಯೇ ಬಿಟ್ಟರೆ ಒಂದು ತಾಸಿನಲ್ಲಿ ಅಂಟು ಗಟ್ಟಿಯಾಗಿ ತಳಕ್ಕೆ ಹಿಡಿಯುವದು. ಬಳಿಕ ತಿಕ್ಕುವದು ಷರಾಯಿಯನ್ನು ಹಿಂಡುವದಕ್ಕಿಂತಲೂ ಕಷ್ಟ. ಗಂಜಿಯನ್ನು ಸೋಸಿದ ಕೂಡಲೇ ಪಾತ್ರೆಯಲ್ಲಿ ತಣ್ಣೀರು ತುಂಬಿಸಿಟ್ಟು, ಬಟ್ಟೆಯನ್ನು ಒಣಗಹಾಕಿ ಬಂದ ಮೇಲೆ ತೊಳೆಯಬೇಕು. ಹುಡುಗರು ಸಾಮಾನ್ಯವಾಗಿ ಷರಾಯಿಯನ್ನು ತೂಗುಹಾಕಿದ ಮೇಲೆ ಕೆಲಸವು ಮುಗಿಯಿತೆಂದು ಹೊರಟುಬಿಡುವರು. ಅವರನ್ನು ಬಾಗಿಲಿನಲ್ಲಿಯೇ ನಿಲ್ಲಿಸಿ, ಪಾತ್ರೆಯು ಇನ್ನೂ ಬಚ್ಚಲಿನ ಬಳಿಯಲ್ಲಿದೆಯೆಂದು ಹೇಳತಕ್ಕದ್ದು.